ವಸಡಿನ ರಕ್ತವನ್ನು ಕಡೆಗಣಿಸದಿರಿ: ರಕ್ತನಾಳದ ಹಿತಕ್ಕಾಗಿ ಮಾಡಬೇಕಾದದ್ದು

ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ನೊರೆಯಲ್ಲಿ ರಕ್ತದ ಎಳೆ ಕಂಡರೆ, ಬ್ರಷ್ ಗಟ್ಟಿಯಾಗಿ ತಾಗಿರಬೇಕೆಂದು ಹೆಚ್ಚಿನವರು ಸುಮ್ಮನಾಗುತ್ತಾರೆ. ಆರೋಗ್ಯವಾದ ವಸಡಿನಿಂದ ಹಾಗೆ ಸುಲಭವಾಗಿ ರಕ್ತ ಬರುವುದಿಲ್ಲ. ಹಲ್ಲು ಮತ್ತು ವಸಡಿನ ಸಂದಿಯಲ್ಲಿ ದಂತಪಾಚಿ ಕಟ್ಟಿ ಉರಿಯೂತ ನೆಲೆಯೂರಿದಾಗ, ಅಗಿಯುವಾಗಲೂ ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಬಲ್ಲವು. ಉರಿಯೂತದ ಪ್ರಭಾವ ರಕ್ತನಾಳದ ಒಳಪದರಕ್ಕೂ ತಟ್ಟುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀವ್ರ ವಸಡುರೋಗಕ್ಕೆ ಆಳವಾದ ಚಿಕಿತ್ಸೆ ಪಡೆದವರ ರಕ್ತನಾಳಗಳ ಹಿಗ್ಗುವ ಸಾಮರ್ಥ್ಯ ಮರುದಿನ ಕುಸಿದರೂ, 6 ತಿಂಗಳ ಹೊತ್ತಿಗೆ ಸುಧಾರಿಸಿತ್ತು. ಆದರೆ ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆಂಬುದು ಸಾಬೀತಾಗಿಲ್ಲವಾದ್ದರಿಂದ, ಬಿಪಿ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳಿಗೆ ಇದು ಬದಲಿಯಲ್ಲ.

ಮೊದಲು ಕನ್ನಡಿಯಲ್ಲಿ ನೋಡಿಕೊಳ್ಳಿ. ಕೆಂಪಗೆ ಊದಿದ ವಸಡು, ಬಿಡದ ಬಾಯಿವಾಸನೆ, ಅಲುಗುವ ಹಲ್ಲು ರೋಗದ ಗುರುತುಗಳು. ಧೂಮಪಾನಿಗಳಲ್ಲಿ ರಕ್ತ ಅಷ್ಟಾಗಿ ಕಾಣಿಸದೆಯೂ ರೋಗ ಬೆಳೆಯಬಹುದು.

ನಂತರ ಉಜ್ಜುವ ಕ್ರಮ. ರಕ್ತ ಬರುತ್ತದೆಂದು ಆ ಜಾಗವನ್ನೇ ಬಿಟ್ಟು ಉಜ್ಜಿದರೆ ಪಾಚಿ ಅಲ್ಲೇ ಉಳಿದು ರೋಗ ಹೆಚ್ಚುತ್ತದೆ. ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಹೆಚ್ಚು ಒತ್ತದೆ, ಬೆಳಿಗ್ಗೆ ಮತ್ತು ರಾತ್ರಿ 2 ನಿಮಿಷ ಉಜ್ಜಿ. ಹಲ್ಲಿನ ಸಂದಿಗಳನ್ನು ದಿನಕ್ಕೊಮ್ಮೆ ಫ್ಲಾಸ್ ಎಂಬ ತೆಳು ದಾರದಿಂದ ಶುಚಿಗೊಳಿಸಿ.

ಪಾಚಿ ಗಟ್ಟಿಯಾಗಿ ಆಗುವ ದಂತಕಿಟ್ಟವನ್ನು ತೆಗೆಯಲು ದಂತವೈದ್ಯರೇ ಆಗಬೇಕು. ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ, ನಿಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಾಗಲಿ, ವಸಡಿನ ಸಂದಿಯ ಆಳವನ್ನು ಅಳೆಸಿ ಬರೆದಿಟ್ಟುಕೊಳ್ಳಿ. 3 ಮಿಲಿಮೀಟರ್‌ವರೆಗಿನ ಆಳ ಸಹಜ. ಅದಕ್ಕಿಂತ ಹೆಚ್ಚಿದ್ದು ರಕ್ತವೂ ಬಂದರೆ ಚಿಕಿತ್ಸೆ ಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಹಲ್ಲಿನ ಆಸರೆಯ ಮೂಳೆಯನ್ನು ಸವೆಸುವುದು ರೋಗವೇ ಹೊರತು ಕ್ಲೀನಿಂಗ್ ಅಲ್ಲ.

ಔಷಧಗಳ ಚೀಟಿಯನ್ನು ಮರೆಯದೆ ಒಯ್ಯಿರಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ಊದಿಸಿ ಬೆಳೆಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಕ್ಲೀನಿಂಗ್‌ಗೆಂದು ತಾವಾಗಿಯೇ ನಿಲ್ಲಿಸುವುದು ನಿಜಕ್ಕೂ ಅಪಾಯ. ಹೃದ್ರೋಗ ತಜ್ಞರನ್ನು ಕೇಳಲೇಬೇಕು. ಹೃದಯದಲ್ಲಿ ಕೃತಕ ಕವಾಟವಿದ್ದರೆ ಮುಂಚಿತವಾಗಿ ಆಂಟಿಬಯಾಟಿಕ್ ಬೇಕಾಗುವುದರಿಂದ ಅದನ್ನು ಮೊದಲೇ ತಿಳಿಸಿ. ಮಧುಮೇಹಿಗಳು ಸಕ್ಕರೆಯ ಇತ್ತೀಚಿನ ವರದಿಯನ್ನೂ ತೋರಿಸಲಿ. ಚಿಕಿತ್ಸೆ ಮುಗಿದ ಕೆಲವು ವಾರಗಳ ನಂತರ ಸಂದಿಯ ಆಳವನ್ನು ಮತ್ತೆ ಅಳೆಸಿ, ಹಳೆಯ ಅಂಕಿಗಳೊಂದಿಗೆ ಹೋಲಿಸಿ, ಮುಂದಿನ ಭೇಟಿ ಯಾವಾಗ ಎಂಬುದನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಿ.