ಮನೇಲೇ ಶಾರ್ಟ್ ಫಿಲಂ ತೆಗೆಯೋರು ಬೈಕ್ ಕೀನ ಫ್ರಿಜ್ಜೊಳಗೆ ಇಕ್ಕಿ

ಕಾಲೇಜಿಗೆ ಶಾರ್ಟ್ ಫಿಲಂ ಮಾಡ್ಬೇಕು, ಜೇಬಲ್ಲಿ ಕಾಸಿಲ್ಲ ಅನ್ನೋ ಹುಡುಗ್ರು ಕೂಡ ಮೊದ್ಲು ವಿಚಾರ್ಸೋದು ಕ್ಯಾಮೆರಾ ಬಾಡಿಗೆ ಎಷ್ಟು ಅಂತ. ಬಿಡ್ರಪ್ಪ, ಫೋನೇ ಸಾಕು. ಮನೇಲಿ ತೆಗೆದ ಪಿಚ್ಚರು ಹಾಳಾಗೋದು ಸೌಂಡಿಂದ, ಅದನ್ನ ನೋಡ್ಕಳಿ ಮೊದ್ಲು.

ನಾವು ತುಮಕೂರು ಪಕ್ಕದ ಕ್ಯಾತ್ಸಂದ್ರದ ನಮ್ಮನೇಲಿ ತೆಗೆದದ್ದು ಆರು ನಿಮಿಷದ್ದು, ಅಮ್ಮ ಮಗನ ಜಗಳ, ಪೂರ್ತಿ ಅಡುಗೆಮನೇಲೇ ನಡೆಯುತ್ತೆ. ಶೂಟ್ ಮಾಡುವಾಗ ಸಖತ್ತಾಗಿತ್ತು, ರಾತ್ರಿ ಇಯರ್‌ಫೋನ್ ಹಾಕ್ಕಂಡು ಕೇಳಿದ್ರೆ ಡೈಲಾಗ್ ಹಿಂದೆ ಫ್ರಿಜ್ಜು ಗೊಂಯ್ ಅಂತಿದೆ, ಅದೂ ಒಂದೇ ಸಮ ಇದ್ರೆ ಹೆಂಗೋ ಆಗ್ತಿತ್ತು, ಕಂಪ್ರೆಸರ್ ಆನ್ ಆಗಿ ಆಫ್ ಆಗಿ ಒಂದು ಶಾಟಲ್ಲಿ ಗೊಂಯ್, ಮುಂದಿನ ಶಾಟಲ್ಲಿ ನಿಶ್ಶಬ್ದ, ಕಟ್ ಮಾಡಿದ್ದು ಕುರುಡನಿಗೂ ಗೊತ್ತಾಗೋ ಹಂಗೆ. ಮಾರನೇ ದಿನ ಫ್ರಿಜ್ ಆಫ್ ಮಾಡಿ ಮತ್ತೆ ತೆಗೆದ್ವಿ. ಆನ್ ಮಾಡೋದು ಮರ್ತೋದ್ವಿ. ಬೆಳಗ್ಗೆ ಎರಡು ಲೀಟರ್ ಹಾಲು ಒಡೆದಿತ್ತು, ದೋಸೆಹಿಟ್ಟು ಉಕ್ಕಿ ಕೆಳಗಿನ ತಟ್ಟೆವರೆಗೂ ಇಳಿದಿತ್ತು, ಅಮ್ಮ ಅವತ್ತು ಬೈದಿದ್ದರ ಮುಂದೆ ನಮ್ಮ ಸ್ಕ್ರಿಪ್ಟಿನ ಜಗಳ ಏನೂ ಅಲ್ಲ. ಅದಕ್ಕೇ ಹೇಳ್ತಿರೋದು, ಫ್ರಿಜ್ ಆಫ್ ಮಾಡಿದ ಕೈಲೇ ಬೈಕ್ ಕೀ ಒಳಗಿಕ್ಕಿ. ಮನೆಗೆ ಹೊರಡೋನು ಕೀ ಹುಡುಕ್ಕಂಡು ಬಂದೇ ಬರ್ತಾನೆ.

ಫ್ಯಾನೂ ಆಫ್. ಬೇಸಿಗೇಲಿ ಸಾಯ್ತೀರ, ಏನ್ಮಾಡೋದು, ಟೇಕ್ ಮುಗಿದ ಮೇಲೆ ಹಾಕ್ಕಳಿ. ಬೆಳಗ್ಗೆ ಹೊತ್ತು ಶೂಟ್ ಇಟ್ಕಬೇಡಿ, ಅಕ್ಕಪಕ್ಕದ ಕುಕ್ಕರು ಮಿಕ್ಸಿ ಎಲ್ಲಾ ಆಗ್ಲೇ. ನಮ್ಗೆ ಬೆಂಗಳೂರು ಲೈನ್ ರೈಲು ಬೇರೆ. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಚೆನ್ನಾಗಿ ಸಿಕ್ತು, ಬೀದಿಯೇ ಮಲಗಿರುತ್ತೆ.

ಇನ್ನು ರೆಕಾರ್ಡಿಂಗು. ಶೂಟ್ ಮಾಡೋ ಫೋನ್ ಆರಡಿ ದೂರದಲ್ಲಿರುತ್ತೆ, ಅದರ ಮೈಕ್ ನಂಬಬೇಡಿ. ಇನ್ನೊಂದು ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆನ್ ಮಾಡಿ ಮಾತಾಡೋರ ಹತ್ರ ಬಚ್ಚಿಡಿ, ನಮ್ದು ಉಪ್ಪಿನ ಡಬ್ಬಿ ಹಿಂದೆ ಇತ್ತು. ಪ್ರತಿ ಟೇಕಿಗೂ ಕ್ಯಾಮೆರಾಗೆ ಕಾಣೋ ಹಂಗೆ ಒಂದು ಚಪ್ಪಾಳೆ ಹೊಡೀರಿ, ಎಡಿಟಲ್ಲಿ ಆ ಟಪ್ ಸದ್ದನ್ನ ಕೈ ಸೇರೋ ಫ್ರೇಮಿಗೆ ಕೂರಿಸಿದ್ರೆ ಸೌಂಡೂ ಪಿಚ್ಚರೂ ಸಿಂಕ್ ಆಯ್ತು. ಕೊನೇಲಿ ಎಲ್ರೂ ಬಾಯ್ಮುಚ್ಕಂಡು ನಿಂತು 30 ಸೆಕೆಂಡ್ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ಕಳಿ, ಡೈಲಾಗ್ ಮಧ್ಯದ ತೂತು ಮುಚ್ಚೋಕೆ ಅದೇ ಬೇಕು. ಹಾಲ್ ಖಾಲಿ ಇದ್ದು ಮಾತು ಗುಂಯ್‌ಗುಟ್ಟಿದ್ರೆ ಕ್ಯಾಮೆರಾಗೆ ಕಾಣದ ಕಡೆ ಜಮಖಾನ, ರಗ್ಗು ಏನಿದ್ಯೋ ನೇತಾಕಿ. ಅಷ್ಟಾದ್ರೂ ಕೆಟ್ಟ ಡೈಲಾಗನ್ನ ತಲೆ ಮೇಲೆ ಕಂಬಳಿ ಹೊದ್ಕಂಡು ಮತ್ತೆ ಹೇಳ್ಸಿ, ಸ್ಟುಡಿಯೋ ಬೇಡ.

ಲೈಟಿಗೆ ಕಿಟಕಿ ಸಾಕು. ಆಕ್ಟರ್ ಬೆನ್ನನ್ನ ಕಿಟಕಿಗೆ ಕೊಡ್ಬೇಡಿ, ಮುಖ ಕಪ್ಪಾಗುತ್ತೆ, ಬೆಳಕು ಪಕ್ಕದಿಂದ ಬೀಳ್ಲಿ, ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಶೀಟ್ ಹಿಡಿಯೋಕೆ ಒಬ್ಬ ತಮ್ಮನ್ನ ನಿಲ್ಸಿ. ಕಿಟಕಿ ಬೆಳಕಿರುವಾಗ ಹಳದಿ ಬಲ್ಬ್ ಹಾಕ್ಬೇಡಿ, ಅರ್ಧ ಮುಖ ನೀಲಿ ಅರ್ಧ ಅರಿಶಿನ ಆಗುತ್ತೆ. ಎಕ್ಸ್‌ಪೋಶರ್ (ಬೆಳಕಿನ ಅಳತೆ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಶಾಟ್ ಮಧ್ಯ ಬದಲಾಗದ ಹಂಗೆ ಫೋನಲ್ಲಿ ಲಾಕ್ ಮಾಡ್ಕಳಿ. ರಾತ್ರಿ ಸೀನಲ್ಲಿ ಲೈಟ್ ಪಟಪಟ ಹೊಡೀತಿದ್ರೆ ಕಾರಣ ನಮ್ಮ ಕರೆಂಟು 50 ಹರ್ಟ್ಸ್ ಇರೋದು, ಫೋನ್ ಕ್ಯಾಮೆರಾದ ಪ್ರೋ ಮೋಡಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡ್ ಇಟ್ರೆ ಸಾಮಾನ್ಯವಾಗಿ ನಿಲ್ಲುತ್ತೆ, ನಿಲ್ಲದಿದ್ರೆ ಬಲ್ಬ್ ಬದಲಾಯ್ಸಿ.

ಇಬ್ರು ಮಾತಾಡೋ ಸೀನಲ್ಲಿ ಒಬ್ರಿಂದ ಇನ್ನೊಬ್ರಿಗೆ ಮನಸ್ಸಲ್ಲೇ ಒಂದು ಗೆರೆ ಎಳ್ಕಂಡು ಕ್ಯಾಮೆರಾನ ಅದರ ಒಂದೇ ಕಡೆ ಇಟ್ಕಳಿ, ದಾಟಿದ್ರೆ ಇಬ್ರೂ ಒಂದೇ ದಿಕ್ಕಿಗೆ ನೋಡ್ತಿರೋ ಹಂಗೆ ಕಾಣುತ್ತೆ. ಎಡಿಟಿಗೆ ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್ ಇದೆ, ಹಳೇ ಲ್ಯಾಪ್‌ಟಾಪಲ್ಲಿ ತೆವಳುತ್ತೆ ಅಷ್ಟೇಯ.

ದುಡ್ಡು ಖರ್ಚು ಮಾಡೋದಿದ್ರೆ ಊಟಕ್ಕೆ ಮಾಡಿ. ನಮ್ಮಲ್ಲಿ ಎಲ್ರಿಗೂ ತಟ್ಟೆ ಇಡ್ಲಿ, ಥರ್ಮಾಕೋಲ್ ಹಿಡಿದ ತಮ್ಮನಿಗೆ ಒಂದು ಎಕ್ಸ್‌ಟ್ರಾ.