ಜೀಪಿನಲ್ಲಿ ಸ್ಟೀಲ್ ಬಾಟಲಿಗೊಂದು ಜಾಗ

ಚಿಕ್ಕಮಗಳೂರು ಬಳಿಯ ಅತ್ತಿಗುಂಡಿಯಿಂದ ಝರಿ ಫಾಲ್ಸ್‌ಗೆ ಇಳಿಯುವ ಜೀಪಿನಲ್ಲಿ ಕೂತವರಿಗೆ ಎರಡೂ ಕೈ ಕಂಬಿ ಹಿಡಿಯುವುದಕ್ಕೇ ಬೇಕು. ನೀರಿನ ಬಾಟಲಿ ಕಾಲಬುಡದಲ್ಲಿ ಉರುಳಾಡುತ್ತಿರುತ್ತದೆ. ಕುಡಿದು ಬಿಸಾಡುವ ಪ್ಲಾಸ್ಟಿಕ್ ಬಾಟಲಿಯಾಗಿದ್ದರೆ ಸೀಟಿನ ಸಂದಿಗೆ ತುರುಕಬಹುದಿತ್ತು. ಮನೆಯಿಂದ ತುಂಬಿಸಿಕೊಂಡು ಹೊರಡುವ ಒಂದು ಲೀಟರಿನ ಸ್ಟೀಲ್ ಬಾಟಲಿ ಸುಮಾರು ಒಂದೂಕಾಲು ಕೆ.ಜಿ. ತೂಗುತ್ತದೆ. ಪಕ್ಕದವರ ಕಾಲಿಗೆ ಬಡಿದರೆ ಬೈಸಿಕೊಂಡರಾಯಿತು. ಬ್ರೇಕ್ ಪೆಡಲ್ ಕೆಳಗೆ ಹೋಗಿ ಸಿಕ್ಕಿಕೊಂಡರೆ ಮಾತ್ರ ಕಷ್ಟ. ಹಳೆಯ ಜೀಪು, ಪಿಕಪ್‌, ತೋಟದ ಟ್ರ್ಯಾಕ್ಟರ್‌ಗಳನ್ನು ಮಾಡಿದವರು ಬಾಟಲಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಹಾಗಾಗಿ ಹೋಲ್ಡರ್ ನಾವೇ ಕೂಡಿಸಿಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವುದನ್ನು ಮೊದಲು ನೋಡಿ. ಎ.ಸಿ. ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಕಾಫಿ ಲೋಟಕ್ಕೆ ಸರಿ, ಸ್ಟೀಲ್ ಬಾಟಲಿಯ ಭಾರಕ್ಕೆ ಕಿಂಡಿಯ ಪಟ್ಟಿಯೇ ಮುರಿಯುತ್ತದೆ. ರಬ್ಬರ್ ಬಟ್ಟಲು ಒತ್ತಿ ಅಂಟಿಸುವಂಥದ್ದು ನಮ್ಮ ಧೂಳಿಗೆ ನಿಲ್ಲುವುದಿಲ್ಲ. ಸ್ವಲ್ಪ ಬಾಳುವುದೆಂದರೆ ಸೈಕಲ್ ಅಂಗಡಿಯ ತಂತಿಯ ಪಂಜರ. ಅದು 73–74 ಮಿ.ಮೀ. ದಪ್ಪದ ಬಾಟಲಿಗೆಂದೇ ಮಾಡಿದ್ದು. ಎರಡು ತೂತುಗಳ ನಡುವೆ 64 ಮಿ.ಮೀ. ಅಂತರ. ನಿಮ್ಮ ಬಾಟಲಿ ತೆಳುವಾಗಿದ್ದರೆ ಅದನ್ನೇ ಕೊಂಡು ಬೋಲ್ಟ್ ಹಾಕಿ. ಆದರೆ ಸೈಕಲ್ ಬಾಟಲಿಗಿರುವ ಸೊಂಟದ ಗೀರು ನುಣುಪಾದ ಸ್ಟೀಲ್ ಬಾಟಲಿಗೆ ಇರುವುದಿಲ್ಲ. ಗುಂಡಿಗೆ ಇಳಿದಾಗ ಮೇಲಕ್ಕೆ ಜಾರುತ್ತದೆ. ಅದನ್ನು ಮೇಲಿನಿಂದ ಹಿಡಿದಿಡಲು ಒಂದು ಪಟ್ಟಿ ಬೇಕೇ ಬೇಕು.

ಈ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡವರು ಹಾಯಿದೋಣಿಯವರು. ಗಾಳಿ ಹಿಡಿದ ದೋಣಿ 15–20 ಡಿಗ್ರಿ ವಾಲಿಕೊಂಡೇ ಬಹಳ ಹೊತ್ತು ಸಾಗುತ್ತದೆ. ಅದಕ್ಕೇ ಅವರು ಹೋಲ್ಡರನ್ನು ತಿರುಗಣೆಯ ಮೇಲೆ ತೂಗುಬಿಡುತ್ತಾರೆ. ದೋಣಿ ವಾಲಿದರೂ ಲೋಟ ನೆಟ್ಟಗಿರುತ್ತದೆ. ಅಡುಗೆ ಸ್ಟೌ ಕೂಡ ಹೀಗೇ. ಜೀಪಿಗೆ ಈ ಉಪಾಯ ಒಗ್ಗುವುದಿಲ್ಲ. ದೋಣಿಯದು ನಿಧಾನದ ವಾಲಾಟ, ಜೀಪಿನದು ಎತ್ತಿ ಕುಕ್ಕುವ ಆಟ. ತೂಗುವ ಹೋಲ್ಡರ್ ಪ್ರತಿ ಕಲ್ಲಿಗೂ ಟಣ್ ಎಂದು ಜೀಪಿನ ತಗಡಿಗೆ ಬಡಿಯುತ್ತದೆ. ಅಲ್ಲದೆ ತಿರುಪಿನ ಮುಚ್ಚಳವಿರುವ ಬಾಟಲಿ ನೆಟ್ಟಗೇ ನಿಲ್ಲಬೇಕೆಂಬ ಹಟವೇಕೆ? ಹಾರಿ ಬೀಳದಿದ್ದರೆ ಸಾಕು. ಹಾಯಿದೋಣಿಯಿಂದ ಎರವಲು ತರಬೇಕಾದದ್ದು ಬೇರೆ ಎರಡಿವೆ. ಒಂದು, ತಳದಲ್ಲಿ ನೀರಿಳಿಯುವ ತೂತು. ಇನ್ನೊಂದು, ಒಂದೇ ಕೈಯಲ್ಲಿ ತೆಗೆದಿಡುವ ಅನುಕೂಲ. ಒಂದು ಕೈ ನಿನಗೆ, ಒಂದು ಕೈ ಹಡಗಿಗೆ ಎಂಬುದು ನಾವಿಕರ ಹಳೆಯ ಮಾತು. ನಮ್ಮ ಜೀಪಿಗೂ ಸಲ್ಲುತ್ತದೆ.

ಇನ್ನು ಕೆಲಸಕ್ಕೆ ಇಳಿಯೋಣ. ಬಾಟಲಿಯ ಸುತ್ತ ದಾರ ಸುತ್ತಿ ಅಳೆದು, ಬಂದದ್ದನ್ನು 3.14ರಿಂದ ಭಾಗಿಸಿ. 23 ಸೆಂ.ಮೀ. ಬಂದರೆ ದಪ್ಪ 7.3 ಸೆಂ.ಮೀ. ಬಿಸಿ-ತಣ್ಣಗೆ ಹಿಡಿದಿಡುವ ಎರಡು ಪದರದ ಬಾಟಲಿ 28ರವರೆಗೂ ಬರಬಹುದು, ಅಂದರೆ 9 ಸೆಂ.ಮೀ.ಗೆ ಹತ್ತಿರ. ಮನೆಯಲ್ಲಿರುವ ಅತಿ ದಪ್ಪದ ಬಾಟಲಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಈಗ ಪಿವಿಸಿ ಪೈಪು. ಕಾಫಿ ತೋಟದವರಾದರೆ ನೀರಾವರಿ ಲೈನಿನ ತುಂಡು ಪಂಪ್‌ಹೌಸ್ ಮೂಲೆಯಲ್ಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ‘ಎಷ್ಟು ಕೆ.ಜಿ.ದು ಬೇಕು ಸಾರ್?’ ಎಂದು ಕೇಳುತ್ತಾರೆ. ಅದು ಪೈಪಿನ ತೂಕವಲ್ಲ, ತಡೆಯುವ ಒತ್ತಡ. ನಾಲ್ಕು ಕೆ.ಜಿ.ಯ ತೆಳು ಪೈಪು ಧಾರಾಳ. ಪೈಪಿನ ಮೇಲೆ ಬರೆದ ಅಳತೆ ಹೊರಗಿನದು ಎಂಬುದನ್ನು ಮರೆಯಬೇಡಿ. 90 ಮಿ.ಮೀ. ಪೈಪಿನ ಒಳಗೆ ಸಿಗುವುದು 85ರ ಆಸುಪಾಸು, 7.3 ಸೆಂ.ಮೀ. ಬಾಟಲಿಗೆ ಇದು ಸಾಕು. ದಪ್ಪ ಬಾಟಲಿಗೆ 110ರದ್ದು ತನ್ನಿ. ಸಂಶಯವಿದ್ದರೆ ಬಾಟಲಿಯನ್ನೇ ಅಂಗಡಿಗೆ ಒಯ್ದು ಇಳಿಸಿ ನೋಡಿ, ಯಾರೂ ನಗುವುದಿಲ್ಲ.

ಆಕ್ಸೋ ಬ್ಲೇಡಿನಲ್ಲಿ 15 ಸೆಂ.ಮೀ. ತುಂಡು ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ. ಇದಕ್ಕಿಂತ ಗಿಡ್ಡವಾದರೆ ಬಾಟಲಿ ತಲೆಭಾರಕ್ಕೆ ತೂರಾಡುತ್ತದೆ, ಉದ್ದವಾದರೆ ತೆಗೆಯಲು ಕಷ್ಟ. ಎಂಡ್ ಕ್ಯಾಪಿನಲ್ಲಿ ನಾಲ್ಕು ತೂತು ಕೊರೆದು ತಳಕ್ಕೆ ಅಂಟಿಸಿ. ಒಳಗೋಡೆಗೆ ಹಳೆಯ ಯೋಗ ಚಾಪೆಯ ಪಟ್ಟಿ ಹಚ್ಚಿ. ಇದನ್ನು ಬಿಟ್ಟರೆ ಊರು ಸೇರುವವರೆಗೂ ಲಟಲಟ ತಪ್ಪಿದ್ದಲ್ಲ.

ಎಲ್ಲಿ ಕೂಡಿಸುವುದು ಎಂಬುದಕ್ಕೆ ನಿಜವಾಗಿ ತಲೆ ಓಡಿಸಬೇಕು. ಗೇರ್, ಹ್ಯಾಂಡ್‌ಬ್ರೇಕ್ ಎಳೆದಾಡುವ ಜಾಗ ಬೇಡ. ಡ್ರೈವರ್ ಕಾಲಿನ ಹತ್ತಿರವಂತೂ ಬೇಡವೇ ಬೇಡ. ಹಿಂದಿನ ಸೀಟಿನವರಿಗೆ ಹುಡ್ಡಿನ ಕಂಬಿಯೇ ಒಳ್ಳೆಯದು. ಎರಡು ದೊಡ್ಡ ಹೋಸ್ ಕ್ಲಿಪ್‌ಗಳಿಂದ ಪೈಪನ್ನು ಕಂಬಿಗೆ ಬಿಗಿದರಾಯಿತು, ಜೀಪಿಗೆ ತೂತು ಮಾಡುವ ತಾಪತ್ರಯವಿಲ್ಲ. ಕಂಬಿಗೂ ಪೈಪಿಗೂ ನಡುವೆ ಟ್ಯೂಬಿನ ತುಂಡು ಇಟ್ಟರೆ ಜಾರುವುದಿಲ್ಲ. ಮಡ್‌ಗಾರ್ಡ್ ಪೆಟ್ಟಿಗೆಗೆ ಬೋಲ್ಟ್ ಹಾಕುವುದಾದರೆ ಮೊದಲು ಬಗ್ಗಿ ಆ ಕಡೆ ಏನಿದೆ ನೋಡಿ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಇಂಧನದ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ವೈರು, ಬ್ರೇಕ್ ಪೈಪು ಎಲ್ಲೆಂದರಲ್ಲಿ ಹೋಗಿರುತ್ತವೆ. ಕೊರೆದ ತೂತಿನ ಅಂಚಿಗೆ ರೆಡ್ ಆಕ್ಸೈಡ್ ಬಳಿಯದಿದ್ದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು ಹರಡುತ್ತದೆ. ಅಗಲವಾದ ವಾಷರ್ ಹಾಕಿ, ಇಲ್ಲದಿದ್ದರೆ ತಗಡು ಹರಿಯುತ್ತದೆ.

ಕೊನೆಯದು ಪಟ್ಟಿ. ಪಂಕ್ಚರ್ ಅಂಗಡಿಯಲ್ಲಿ ಸ್ಕೂಟರಿನ ಹಳೆಯ ಟ್ಯೂಬು ಕೇಳಿದರೆ ಕೊಡುತ್ತಾರೆ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಪೈಪಿನ ಬಾಯಿಯ ಹತ್ತಿರ ಬೋಲ್ಟ್ ಮಾಡಿ. ಇನ್ನೊಂದು ತುದಿ ಬಾಟಲಿಯ ಮುಚ್ಚಳದ ಮೇಲೆ ಹಾದು ಎದುರಿನ ಕೊಕ್ಕೆಗೆ ಸಿಗಬೇಕು. ಹೆಬ್ಬೆರಳಲ್ಲಿ ಎಳೆದರೆ ಬಿಚ್ಚುವಷ್ಟೇ ಬಿಗಿ ಇರಲಿ.

ಬಾಟಲಿ ತುಂಬಿಸಿ, ಮಾಣಿಕ್ಯಧಾರಾ ಜಲಪಾತದ ಕಡೆಗೋ ನಿಮ್ಮ ತೋಟದ ಕಚ್ಚಾ ರಸ್ತೆಗೋ ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ಕ್ಲಿಪ್ಪುಗಳನ್ನು ಇನ್ನೊಂದು ಸುತ್ತು ಬಿಗಿಯಿರಿ, ಮೊದಲ ಓಟಕ್ಕೆ ಅವು ಸಡಿಲಾಗುವುದು ಸಾಮಾನ್ಯ. ಮಳೆಗಾಲದಲ್ಲಿ ಒಳಗಿನ ಚಾಪೆ ಪಟ್ಟಿಯನ್ನು ಆಗಾಗ ಕಿತ್ತು ಒಣಗಿಸಿ, ಬೂಷ್ಟು ಹಿಡಿದರೆ ವಾಸನೆ ಬಾಟಲಿಗೂ ಹತ್ತುತ್ತದೆ.