ಸ್ಲೈಡಿನಲ್ಲಿ ಪ್ಲೇಟ್‌ಲೆಟ್ ಎಣಿಕೆ: ನೀರು ಸರಿಹೋದ ಮೇಲೆ ಕೈಗೂಡಿದ ವಿಧಾನ

ಡೆಂಗಿ ಸೀಸನ್ನಿನಲ್ಲಿ ರಕ್ತಕಣ ಎಣಿಸುವ ಮೆಷಿನ್ ಒಂದು ಮೈಕ್ರೋಲೀಟರ್ ರಕ್ತಕ್ಕೆ 38,000 ಪ್ಲೇಟ್‌ಲೆಟ್ ಎಂದು ತೋರಿಸುತ್ತದೆ. ಅದೇ ಸ್ಯಾಂಪಲ್ಲಿನ ಸ್ಲೈಡ್ ನೋಡಿದರೆ ಮೈಕ್ರೋಸ್ಕೋಪಿನ ಒಂದು ಫೀಲ್ಡಿಗೆ (ಒಮ್ಮೆಗೆ ಕಾಣುವ ವೃತ್ತಕ್ಕೆ) ಹತ್ತು ಹನ್ನೆರಡು ಪ್ಲೇಟ್‌ಲೆಟ್ ಕಾಣುತ್ತವೆ. ಅಂದರೆ ಒಂದೂವರೆ ಲಕ್ಷದ ಮೇಲೆ. ಇಂಥ ಕಡೆ ಸ್ಲೈಡನ್ನೇ ನಂಬಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೇನೆ. 'ಮೆಷಿನ್ ಇರೋವಾಗ ಕೈಯಲ್ಲಿ ಎಣಿಸೋದ್ಯಾಕೆ, ಅದು ಬರೀ ಅಂದಾಜು' ಎಂಬುದು ಜೊತೆಯವರ ಮಾತಾಗಿತ್ತು. ಸ್ಟೇನ್ (ಕಣಗಳಿಗೆ ಬಣ್ಣ ಕೊಡುವ ದ್ರವ) ದಿನಕ್ಕೊಂದು ಬಣ್ಣ ತೋರಿಸುತ್ತಿದ್ದಾಗ ಆ ಮಾತಿಗೆ ಉತ್ತರ ಕೊಡುವುದು ಕಷ್ಟವಿತ್ತು. ಈಗ ಫ್ಲ್ಯಾಗ್ (ಮೆಷಿನ್ ತಾನೇ ಹಾಕುವ ಅನುಮಾನದ ಗುರುತು) ಇಲ್ಲದ ಸ್ಯಾಂಪಲ್‌ಗಳಲ್ಲಿ ನಮ್ಮ ಸ್ಲೈಡ್ ಎಣಿಕೆ ಮೆಷಿನ್ನಿನ ಎಣಿಕೆಗೆ ಹೆಚ್ಚುಕಡಿಮೆ ಶೇ 15ರ ಒಳಗೆ ಬರುತ್ತದೆ. ಫ್ಲ್ಯಾಗ್ ಬಂದಾಗ ರಿಪೋರ್ಟಿಗೆ ಹೋಗುವುದು ಸ್ಲೈಡಿನ ಅಂಕಿ. ಸ್ಮಿಯರ್ (ಸ್ಲೈಡಿನ ಮೇಲೆ ರಕ್ತದ ತೆಳು ಪದರ) ಎಳೆಯುವುದು, ಲೀಶ್ಮನ್ ಸ್ಟೇನ್ ಹಾಕುವುದು ಗೊತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಮೊದಲ ಪಾಠಗಳನ್ನು ಬಿಟ್ಟಿದ್ದೇನೆ.

ತೊಂದರೆ ಇದ್ದದ್ದು ಸ್ಟೇನಿನಲ್ಲಲ್ಲ, ನೀರಿನಲ್ಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ನೀರಿಗೆ ಬಿದ್ದಾಗ ಇದು ಸ್ಪಷ್ಟವಾಯಿತು. ಒಂದೇ ಬಾಟಲಿಯ ಸ್ಟೇನ್, ಒಂದೇ ಸಮಯ. ಒಂದು ಲೋಡ್ ನೀರಿಗೆ ಕೆಂಪುಕಣಗಳು ಬೂದಿ ನೀಲಿ, ಇನ್ನೊಂದು ಲೋಡಿಗೆ ಸುಮಾರಾದ ಗುಲಾಬಿ. ಬೋರ್ ನೀರು ಗಡಸು, ಬೈಕಾರ್ಬೊನೇಟ್ ಜಾಸ್ತಿ, ಪಿಎಚ್ 7.5ರ ಮೇಲೆಯೇ. ನೀರು ಕ್ಷಾರವಾದಷ್ಟೂ ಸ್ಟೇನಿನ ಕೆಂಪು ಬಣ್ಣ ಇಯೋಸಿನ್ ಹಿಡಿಯುವುದಿಲ್ಲ, ನೀಲಿ ಬಣ್ಣ ಅಝೂರ್ ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆ. ಬಿಳಿಕಣದ ನ್ಯೂಕ್ಲಿಯಸ್ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಹಿನ್ನೆಲೆಯೂ ನೀಲಿಯಾಗಿ ಪ್ಲೇಟ್‌ಲೆಟ್ ಅದರಲ್ಲಿ ಕರಗಿಹೋಗುತ್ತದೆ. ಆರ್‌ಒ ನೀರಿನದು ಉಲ್ಟಾ ಕಥೆ. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ 6ರ ಕೆಳಗೆ ಇಳಿಯುತ್ತದೆ. ಆಗ ಕೆಂಪುಕಣ ಕಿತ್ತಳೆ ಕೆಂಪು, ನ್ಯೂಕ್ಲಿಯಸ್ ಪೇಲವ, ಪ್ಲೇಟ್‌ಲೆಟ್ಟಿನ ನೇರಳೆ ಕಣಗಳು ಕಾಣುವುದೇ ಇಲ್ಲ. ಈ ಎರಡರ ನಡುವೆ ಓಲಾಡುವಾಗ ರೆಡಿಮೇಡ್ ಸ್ಟೇನಿನ ಕಂಪನಿ ಬದಲಿಸುತ್ತಾ ಕೂತರೆ ದುಡ್ಡು ದಂಡ. 500 ಎಂಎಲ್ ಬಾಟಲಿಗೆ ಆರೇಳುನೂರು ರೂಪಾಯಿಯಂತೆ ಹಲವು ಬಾಟಲಿ ಹಾಗೆಯೇ ಸಿಂಕಿಗೆ ಹೋದವು. ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಹೊರವಲಯದ ಲ್ಯಾಬುಗಳಲ್ಲೂ ನಲ್ಲಿ ನೀರು ಸುಧಾರಿಸಿದೆ. ಆದರೂ ನಲ್ಲಿ ನೀರಿನಲ್ಲಿ ಸ್ಲೈಡ್ ತೊಳೆಯಲೇಬೇಡಿ.

ಗಡಸು ನೀರಿಗೇ ಪಿಎಚ್ ಒಂದೇ ಮಟ್ಟದಲ್ಲಿಡುವ ಬಫರ್ ಉಪ್ಪು ಸುರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಸ್ಟೇನಿಂಗ್ ಬಫರ್ ಬಹಳ ತೆಳು, ಬೋರ್ ನೀರಿನ ಬೈಕಾರ್ಬೊನೇಟನ್ನು ಎಳೆದು ತರುವ ಶಕ್ತಿ ಅದಕ್ಕಿಲ್ಲ. ಮೇಲಾಗಿ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಸೇರಿ ನೀರು ಮಬ್ಬಾಗುತ್ತದೆ, ಆ ಮಬ್ಬೇ ಸ್ಲೈಡಿನ ಮೇಲೆ ಕೂರುತ್ತದೆ. ಬೇಕಾದದ್ದು ಖನಿಜ ತೆಗೆದ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಎಂ ನೀರು, ಐದು ಲೀಟರ್ ಕ್ಯಾನ್ ನೂರು ರೂಪಾಯಿ ಆಸುಪಾಸು, ಇದಕ್ಕೆ ಧಾರಾಳವಾಗಿ ಸಾಕು.

ಬಫರ್ ಹೀಗೆ: ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 9.1 ಗ್ರಾಂ ಒಂದು ಲೀಟರಿಗೆ. ಇನ್ನೊಂದು ಬಾಟಲಿಯಲ್ಲಿ ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 9.5 ಗ್ರಾಂ ಒಂದು ಲೀಟರಿಗೆ. ನಿಮ್ಮ ಡಬ್ಬಿಯ ಮೇಲೆ ಡೈಹೈಡ್ರೇಟ್ ಎಂದಿದ್ದರೆ 11.9 ಗ್ರಾಂ ತೂಗಬೇಕು. ಇದನ್ನು ನೋಡದೆ ತೂಗಿದರೆ ಬಫರ್ ಆಮ್ಲದ ಕಡೆ ವಾಲುತ್ತದೆ. ಎರಡನ್ನೂ ಸರಿಸುಮಾರು ಅರ್ಧರ್ಧ ಬೆರೆಸಿದರೆ ಪಿಎಚ್ 6.8. ಮೊದಲನೆಯದು ಒಂದು ಕೂದಲಿನಷ್ಟು ಹೆಚ್ಚಿರಲಿ. ಪಿಎಚ್ ಪೆನ್ನಿನಲ್ಲಿ ನೋಡಿ ತಿದ್ದಿ, ಆದರೆ ಪೆನ್ನನ್ನು ಕ್ಯಾಲಿಬ್ರೇಷನ್ ಪುಡಿಯ ಸ್ಯಾಶೆಯಿಂದ ಮೊದಲು ಸರಿ ಮಾಡಿಕೊಳ್ಳಿ. ಈ ಮಿಶ್ರಣದ 50 ಎಂಎಲ್ ಅನ್ನು ಡಿಎಂ ನೀರಿನಲ್ಲಿ ಒಂದು ಲೀಟರಿಗೆ ಏರಿಸಿದರೆ ಕೆಲಸದ ನೀರು ಸಿದ್ಧ. ಲೀಟರಿಗೆ ಬೀಳುವ ಉಪ್ಪು ಅರ್ಧ ಗ್ರಾಮಿಗೂ ಕಡಿಮೆ, ಅರ್ಧ ಕಿಲೋ ಬಾಟಲಿಗಳೆರಡು ವರ್ಷಗಟ್ಟಲೆ ಬರುತ್ತವೆ. ಫಾಸ್ಫೇಟ್ ನೀರಿನಲ್ಲಿ ಬೂಸ್ಟು ಬೇಗ ಬೆಳೆಯುತ್ತದೆ, ಆದ್ದರಿಂದ ಕೆಲಸದ ನೀರನ್ನು ವಾರಕ್ಕೆ ಬೇಕಾದಷ್ಟೇ ಮಾಡಿ, ಸ್ಟಾಕ್ ಬಾಟಲಿಗಳನ್ನು ಫ್ರಿಜ್ಜಿನಲ್ಲಿಡಿ. ಮಲೇರಿಯಾ ನೋಡಬೇಕಿದ್ದರೆ 7.2 ಬೇಕು, ಅದಕ್ಕೆ ಡೈಸೋಡಿಯಂ ಭಾಗ ಶೇ 70ರ ಸ್ವಲ್ಪ ಮೇಲೆ. ಎರಡು ಕ್ಯಾನಿಗೂ ದೊಡ್ಡದಾಗಿ ಹೆಸರು ಬರೆದಿರಲಿ.

ಸ್ಟೇನನ್ನು ನಾನೇ ಮಾಡುತ್ತೇನೆ. ಲೀಶ್ಮನ್ ಪುಡಿ 0.15 ಗ್ರಾಂ, ಅಸಿಟೋನ್ ಇಲ್ಲದ ಮೆಥನಾಲ್ 100 ಎಂಎಲ್, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಪುಡಿಯನ್ನು ಒಣ ಖಲ್ಲಿನಲ್ಲಿ ಸ್ವಲ್ಪ ಮೆಥನಾಲ್ ಜೊತೆ ಅರೆದು ಹಾಕಬೇಕು. ಸುಮ್ಮನೆ ಸುರಿದು ಅಲ್ಲಾಡಿಸಿದರೆ ಅರ್ಧ ತಳದಲ್ಲೇ ಉಳಿಯುತ್ತದೆ. 50 ಡಿಗ್ರಿ ನೀರಿನ ಬಾತಿನಲ್ಲಿ ಕಾಲು ಗಂಟೆ ಇಟ್ಟು ಆಗಾಗ ಕುಲುಕಿ, ಕಂದು ಬಾಟಲಿಗೆ ತುಂಬಿ, 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ ಒಂದು ವಾರ ಹಣ್ಣಾಗಲು ಬಿಡಬೇಕು. ಮೆಥನಾಲಿನ ಹತ್ತಿರ ಒಲೆ ಬೇಡವೇ ಬೇಡ. ಹಣ್ಣಾಗುವ ಮುಂಚೆ ಬಳಸಿದರೆ ಪ್ಲೇಟ್‌ಲೆಟ್ ಬರೀ ನೀಲಿ ಚುಕ್ಕೆ. ಹಣ್ಣಾದ ಮೇಲೆ ತಿಳಿನೀಲಿಯ ಒಳಗೆ ನೇರಳೆ ಕಣಗಳು ಎದ್ದು ಕಾಣುತ್ತವೆ. ನಾನು ಇದಕ್ಕೆ ಇನ್ನೊಂದು ಪುಡಿಯನ್ನು ಚಿಟಿಕೆಯಷ್ಟು ಸೇರಿಸುತ್ತೇನೆ, ಕಣಗಳ ನೇರಳೆ ಇನ್ನೂ ಗಟ್ಟಿಯಾಗುತ್ತದೆ. ಯಾವುದು, ಎಷ್ಟು ಎಂಬುದು ನಮ್ಮ ಲ್ಯಾಬಿನಲ್ಲೇ ಇರಲಿ. ಅದಿಲ್ಲದೆಯೂ ಈ ವಿಧಾನ ನಡೆಯುತ್ತದೆ.

ಜುಲೈ, ಆಗಸ್ಟಿನ ತೇವಕ್ಕೆ ಮೆಥನಾಲ್ ಕೆಡುತ್ತದೆ. ಮುಚ್ಚಳ ಸಡಿಲವಿದ್ದರೆ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಆಮೇಲೆ ಕೆಂಪುಕಣಗಳ ಒಳಗೆ ಹೊಳೆಯುವ ಗುಳ್ಳೆಗಳಂಥ ತೂತುಗಳು ಕಾಣಿಸುತ್ತವೆ. ದೊಡ್ಡ ಬಾಟಲಿಯನ್ನು ದಿನವೂ ತೆರೆಯದೆ, 30 ಎಂಎಲ್ ಡ್ರಾಪರ್ ಬಾಟಲಿಗೆ ಸೋಸಿ ತುಂಬಿಕೊಂಡರೆ ಈ ಕಾಟವಿಲ್ಲ. ಸ್ಮಿಯರ್ ಕೂಡ ಎಳೆದ ಕೂಡಲೇ ತಣ್ಣನೆ ಗಾಳಿಯಲ್ಲಿ ಒಣಗಬೇಕು. ಚಿಕ್ಕ ಟೇಬಲ್ ಫ್ಯಾನ್ ಸಾಕು, ಬಿಸಿ ಡ್ರೈಯರ್ ಬೇಡ.

ಸ್ಲೈಡಿನ ತುಂಬಾ ಹರಡುವಷ್ಟು ಸ್ಟೇನ್ ಹಾಕಿ ಎರಡು ನಿಮಿಷ. ಇದರಲ್ಲೇ ಕಣಗಳು ಫಿಕ್ಸ್ ಆಗುತ್ತವೆ, ಅಂದರೆ ಸ್ಲೈಡಿಗೆ ಅಂಟಿ ನಿಲ್ಲುತ್ತವೆ. ಆಮೇಲೆ ಅದರ ಎರಡರಷ್ಟು ಬಫರ್ ನೀರು, ಊದಿ ಬೆರೆಸಿ, ಏಳರಿಂದ ಹತ್ತು ನಿಮಿಷ. ಡಿಸೆಂಬರ್‌ನ ಚಳಿ ಬೆಳಗ್ಗೆ ಹನ್ನೆರಡು ನಿಮಿಷ ಬೇಕಾಗಬಹುದು. ತೊಳೆಯುವಾಗ ಸ್ಲೈಡ್ ಓರೆ ಮಾಡಿ ಸ್ಟೇನ್ ಚೆಲ್ಲಬಾರದು. ಮೇಲೆ ತೇಲುವ ಚಿನ್ನದ ಬಣ್ಣದ ಕೆನೆ ಹಾಗೆಯೇ ಸ್ಮಿಯರಿಗೆ ಅಂಟುತ್ತದೆ. ಸ್ಲೈಡ್ ಮಟ್ಟಸವಾಗಿದ್ದಾಗಲೇ ಬಫರ್ ನೀರನ್ನು ಒಂದು ತುದಿಯಿಂದ ಹರಿಸಿ ಕೆನೆಯನ್ನು ತೇಲಿಸಿ ಹೊರಹಾಕಿ. ಪ್ಲೇಟ್‌ಲೆಟ್ ಎಣಿಕೆ ಕೆಡಿಸುವ ಮೊದಲ ಶತ್ರು ಈ ಸ್ಟೇನ್ ಕಸ. ಕಸದ ಚುಕ್ಕೆ ಕಡುಕಪ್ಪು, ಫೈನ್ ಫೋಕಸ್ ತಿರುಗಿಸಿದರೆ ಕಣಗಳಿಗಿಂತ ಮೇಲಿನ ಮಟ್ಟದಲ್ಲಿ ಹೊಳೆಯುತ್ತದೆ. ಪ್ಲೇಟ್‌ಲೆಟ್ 2–3 ಮೈಕ್ರಾನ್, ಕೆಂಪುಕಣದ ಮೂರನೇ ಒಂದು ಭಾಗ, ಅಂಚು ಮೃದು. ಕೆಂಪುಕಣದ ಮೇಲೆಯೇ ಕೂತಿದ್ದರೆ ಸುತ್ತ ತೆಳು ಬಿಳಿ ಉಂಗುರ ಇರುತ್ತದೆ, ಅದನ್ನು ಮಲೇರಿಯಾ ಎಂದು ಓದಬಾರದು.

ಸ್ಮಿಯರ್ ಬಗ್ಗೆ ಒಂದೇ ಮಾತು. ಡೆಂಗಿಯಲ್ಲಿ ಪ್ಲಾಸ್ಮಾ ಸೋರಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿರುತ್ತದೆ, ರಕ್ತ ಮಂದ. ಸ್ಪ್ರೆಡರ್ ಕೋನವನ್ನು 25 ಡಿಗ್ರಿಯಷ್ಟು ಇಳಿಸಿ ನಿಧಾನ ಎಳೆಯಿರಿ. ಹಿಮೋಗ್ಲೋಬಿನ್ 6, 7 ಇರುವ ರಕ್ತಕ್ಕೆ ಕೋನ ಏರಿಸಿ ಬೇಗ ಎಳೆಯಬೇಕು. ಟ್ಯೂಬನ್ನು ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಿದ ಮೇಲೆಯೇ ಹನಿ ತೆಗೆಯಿರಿ, ಮರದ ಕಡ್ಡಿ ಆಡಿಸಿ ಹೆಪ್ಪು ಇದೆಯೇ ನೋಡಿ. ಹೆಪ್ಪು ಇದ್ದರೆ ಪ್ಲೇಟ್‌ಲೆಟ್ಟೆಲ್ಲ ಅದರೊಳಗೆ ಸೇರಿರುತ್ತದೆ, ಎಣಿಸುವುದೇ ವ್ಯರ್ಥ.

ಈಗ ಎಣಿಕೆ. ಮೊದಲು ಕಡಿಮೆ ಪವರ್‌ನಲ್ಲಿ ಸ್ಮಿಯರಿನ ಬಾಲದ ತುದಿ ಮತ್ತು ಎರಡು ಅಂಚು ನೋಡಬೇಕು, ಪ್ಲೇಟ್‌ಲೆಟ್ ಗುಂಪುಗಳು ಅಲ್ಲೇ ಸೇರಿಕೊಂಡಿರುತ್ತವೆ. ಗುಂಪು ಕಂಡರೆ ಎಣಿಕೆ ನಿಲ್ಲಿಸಿ. ಇಲ್ಲದಿದ್ದರೆ ಕೆಂಪುಕಣಗಳು ಒಂದಕ್ಕೊಂದು ತಾಗಿ ತಾಗದಂತಿರುವ ಜಾಗದಲ್ಲಿ ಎಣ್ಣೆ ಹನಿಸಿ 100 ಆಬ್ಜೆಕ್ಟಿವ್‌ನಲ್ಲಿ ಹತ್ತು ಫೀಲ್ಡ್ ಎಣಿಸಿ ಸರಾಸರಿ ತೆಗೆಯಿರಿ. ಅದನ್ನು 15,000ದಿಂದಲೋ 20,000ದಿಂದಲೋ ಗುಣಿಸಿ ಎಂದು ಎಲ್ಲರೂ ಕಲಿತಿದ್ದೇವೆ. ಜೊತೆಯವರು 'ಅಂದಾಜು' ಎಂದದ್ದು ಈ ಗುಣಕದಿಂದಲೇ. ಐಪೀಸಿನ ಫೀಲ್ಡ್ ನಂಬರ್ 18 ಇದ್ದರೆ ಕಾಣುವ ವೃತ್ತದ ವ್ಯಾಸ 0.18 ಮಿಮೀ, 20 ಇದ್ದರೆ 0.20 ಮಿಮೀ, ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ವ್ಯತ್ಯಾಸ. ಪಕ್ಕದ ಲ್ಯಾಬಿನ ಗುಣಕ ನಿಮ್ಮ ಮೈಕ್ರೋಸ್ಕೋಪಿಗೆ ಹೊಂದುವುದಿಲ್ಲ. ಫ್ಲ್ಯಾಗ್ ಇಲ್ಲದ, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ನಾರ್ಮಲ್ ಇರುವ, ಹಿಸ್ಟೋಗ್ರಾಂ (ಮೆಷಿನ್ ಕೊಡುವ ಗಾತ್ರದ ಗ್ರಾಫ್) ನಯವಾಗಿರುವ ಮೂವತ್ತು ನಲವತ್ತು ಸ್ಯಾಂಪಲ್ ಆರಿಸಿ. ಮೆಷಿನ್ನಿನ ಅಂಕಿಯನ್ನು ನಿಮ್ಮ ಫೀಲ್ಡ್ ಸರಾಸರಿಯಿಂದ ಭಾಗಿಸಿ, ಬಂದವುಗಳ ಸರಾಸರಿ ನಿಮ್ಮ ಗುಣಕ. ನಮ್ಮದು 17,000ದ ಆಸುಪಾಸು ನಿಂತಿತು. ಐಪೀಸ್ ಬದಲಾದರೆ ಮತ್ತೆ ಮಾಡಬೇಕು.

ರಕ್ತಹೀನತೆ ಇರುವಲ್ಲಿ ಫೀಲ್ಡ್ ಎಣಿಕೆ ಮೋಸ ಮಾಡುತ್ತದೆ. ಕೆಂಪುಕಣ ಕಡಿಮೆಯಿರುವ ರಕ್ತದಲ್ಲಿ 'ತಾಗಿ ತಾಗದ' ಜಾಗ ಹುಡುಕಿದರೆ ಅಲ್ಲಿ ಹೆಚ್ಚು ರಕ್ತ ಹರಡಿರುತ್ತದೆ, ಪ್ಲೇಟ್‌ಲೆಟ್ ಸುಳ್ಳಾಗಿ ಜಾಸ್ತಿ ಬರುತ್ತದೆ. ಆಗ 1,000 ಕೆಂಪುಕಣಕ್ಕೆ ಎಷ್ಟು ಪ್ಲೇಟ್‌ಲೆಟ್ ಎಂದು ಎಣಿಸಿ ಮೆಷಿನ್ನಿನ ಕೆಂಪುಕಣ ಎಣಿಕೆಯಿಂದ ಗುಣಿಸಿ ಸಾವಿರದಿಂದ ಭಾಗಿಸುವುದು ಸರಿ. 1,000ಕ್ಕೆ 60 ಬಂತು, ಕೆಂಪುಕಣ 25 ಲಕ್ಷ, ಅಂದರೆ 1.5 ಲಕ್ಷ. ಸಾವಿರ ಎಣಿಸುವುದು ಕಣ್ಣಿಗೆ ಕಷ್ಟ ಎನ್ನುವವರು ಐಪೀಸಿನೊಳಗೆ ಕೂರುವಂತೆ ಕಪ್ಪು ಕಾಗದದ ಬಿಲ್ಲೆ ಕತ್ತರಿಸಿ ನಡುವೆ ಚೌಕ ಕಿಂಡಿ ಮಾಡಿಕೊಳ್ಳಿ, ಒಂದು ಸಲಕ್ಕೆ ನಲವತ್ತು ಐವತ್ತು ಕಣ ಮಾತ್ರ ಕಾಣುತ್ತವೆ.

ಈ ಅನುಪಾತದ ಎಣಿಕೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಎಂಸಿವಿ 60ರ ಕೆಳಗಿರುವವರಲ್ಲಿ. ನಮ್ಮಂಥ ಸಣ್ಣ ಲ್ಯಾಬಿನ ಮೆಷಿನ್ ರಂಧ್ರದ ಮೂಲಕ ಕಣ ಹಾಯಿಸಿ ಗಾತ್ರ ಅಳೆಯುತ್ತದೆ. 2ರಿಂದ 20–30 ಫೆಮ್ಟೋಲೀಟರ್ ಇದ್ದದ್ದೆಲ್ಲ ಅದಕ್ಕೆ ಪ್ಲೇಟ್‌ಲೆಟ್. ಕಬ್ಬಿಣಾಂಶ ತೀರಾ ಕಡಿಮೆಯಿದ್ದಾಗ, ಥಲಸೀಮಿಯಾದಲ್ಲಿ, ಪುಟ್ಟ ಕೆಂಪುಕಣಗಳೂ ಚೂರುಗಳೂ ಆ ಲೆಕ್ಕಕ್ಕೆ ಸೇರಿ ಎಣಿಕೆ ಉಬ್ಬುತ್ತದೆ. ಡೆಂಗಿ ಬಂದ ಇಂಥವರಲ್ಲಿ ನಿಜವಾದ ಇಳಿತ ಮುಚ್ಚಿಹೋಗುವುದು ಅಪಾಯ. ಆದರೆ ಕೆಂಪುಕಣದ ಲಕ್ಷಗಳ ಲೆಕ್ಕದಲ್ಲಿ ಈ ಸೋರಿಕೆ ಶೇ ಒಂದೆರಡು ಮಾತ್ರ, ಹಾಗಾಗಿ ಅನುಪಾತದ ಅಂಕಿ ಕೆಡುವುದಿಲ್ಲ. ಉಲ್ಟಾ ತೊಂದರೆ ದೊಡ್ಡ ಪ್ಲೇಟ್‌ಲೆಟ್‌ಗಳದು. ಪಶ್ಚಿಮ ಬಂಗಾಳ ಮತ್ತು ಪೂರ್ವ ಭಾರತದ ಕಡೆಯ ಹಲವರಲ್ಲಿ ಹುಟ್ಟಿನಿಂದಲೇ ಪ್ಲೇಟ್‌ಲೆಟ್ ದಪ್ಪ, ಸಂಖ್ಯೆ ಕಡಿಮೆ, ರಕ್ತಸ್ರಾವದ ತೊಂದರೆ ಇಲ್ಲದ ಸ್ಥಿತಿ ಇರುತ್ತದೆ. ಹ್ಯಾರಿಸ್ ಸಿಂಡ್ರೋಮ್ ಎನ್ನುತ್ತಾರೆ. ಮೆಷಿನ್ ಆ ದೊಡ್ಡವನ್ನು ಬಿಟ್ಟು ಇನ್ನೂ ಕಡಿಮೆ ತೋರಿಸುತ್ತದೆ. ಬೆಂಗಳೂರಿನ ಕಟ್ಟಡ ಕೆಲಸ, ಸೆಕ್ಯುರಿಟಿ, ಹೋಟೆಲುಗಳಲ್ಲಿ ಆ ಕಡೆಯವರು ಎಷ್ಟಿದ್ದಾರೆ ಎಂಬುದು ಗೊತ್ತೇ ಇದೆ. ಜ್ವರ ಬಂದ ಇಂಥ ಹುಡುಗರನ್ನು ಅಂಕಿ ನೋಡಿ ಹೆದರಿಸಿ ಅಡ್ಮಿಟ್ ಮಾಡಿಸುವ ಮೊದಲು ಒಂದು ಸ್ಲೈಡ್ ನೋಡಬೇಕು. ದಿನಗೂಲಿಯವರಿಗೆ ಅಡ್ಮಿಷನ್ ಎಂದರೆ ತಿಂಗಳ ದುಡಿಮೆ.

ಪ್ಲೇಟ್‌ಲೆಟ್ ಗುಂಪು ಕಟ್ಟಿದ್ದರೆ ಅದು ಬಹುಪಾಲು ಇಡಿಟಿಎಯ (ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿರುವ ರಾಸಾಯನಿಕದ) ಕೆಲಸ. ಕೆಲವರ ರಕ್ತದಲ್ಲಿನ ಆಂಟಿಬಾಡಿ ಇಡಿಟಿಎ ಸೇರಿದಾಗ ಮಾತ್ರ ಪ್ಲೇಟ್‌ಲೆಟ್‌ಗಳನ್ನು ಅಂಟಿಸುತ್ತದೆ, ಹೊತ್ತು ಹೋದಷ್ಟೂ ಹೆಚ್ಚು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಸಿಟ್ರೇಟ್ ದ್ರವ ರಕ್ತವನ್ನು ತೆಳು ಮಾಡುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಟ್ಯೂಬು ಗೆರೆಯವರೆಗೆ ತುಂಬಿರಲೇಬೇಕು, ಇಲ್ಲದಿದ್ದರೆ ಆ 1.1 ಸುಳ್ಳು.

20,000ದ ಕೆಳಗೆ ನಾನು ಸ್ಲೈಡನ್ನೂ ಪೂರ್ತಿ ನಂಬುವುದಿಲ್ಲ, ಫೀಲ್ಡಿಗೆ ಒಂದೂ ಸಿಗದಿರುವಾಗ ಸರಾಸರಿ ಅಲ್ಲಾಡುತ್ತದೆ. ಶೇ 1ರ ಅಮೋನಿಯಂ ಆಕ್ಸಲೇಟ್ 0.38 ಎಂಎಲ್‌ಗೆ 20 ಮೈಕ್ರೋಲೀಟರ್ ರಕ್ತ ಹಾಕಿ, ಕೆಂಪುಕಣ ಒಡೆದ ಮೇಲೆ ಚೌಕಗಳ ಗೆರೆಯಿರುವ ಎಣಿಕೆಯ ಗಾಜು ನ್ಯೂಬಾವರ್ ಚೇಂಬರ್‌ಗೆ ಬಿಟ್ಟು, ಒದ್ದೆ ಹತ್ತಿಯಿಟ್ಟ ಪೆಟ್ರಿ ಡಿಶ್ಶಿನಲ್ಲಿ ಇಪ್ಪತ್ತು ನಿಮಿಷ. ಕಂಡೆನ್ಸರ್ ಇಳಿಸಿ, ನಡುವಿನ 25 ಚೌಕಗಳಲ್ಲಿ ಎಣಿಸಿ, 200ರಿಂದ ಗುಣಿಸಿ. 60 ಬಂದರೆ 12,000. ಆಕ್ಸಲೇಟನ್ನು ಅಂದಂದೇ ಸೋಸಿ. ಹಳೆಯದರಲ್ಲಿ ಬೆಳೆದ ಬ್ಯಾಕ್ಟೀರಿಯಾ ಪ್ಲೇಟ್‌ಲೆಟ್ಟಿನ ಹಾಗೆಯೇ ಮಿಣುಗುತ್ತದೆ.

ನಡುವೆ ಬೇರೆ ನೀರುಗಳನ್ನೂ ನೋಡಿದೆ. ಎಸಿಯಿಂದ ತೊಟ್ಟಿಕ್ಕುವ ನೀರು ಸೋಸಿ ಬಫರ್ ಹಾಕಿದರೆ ಬಣ್ಣ ಚೆನ್ನಾಗಿಯೇ ಬರುತ್ತದೆ, ಧೂಳಿನದೇ ತಲೆನೋವು. ಛಾವಣಿಯ ಮಳೆನೀರು, ಮೊದಲ ಮಳೆ ಬಿಟ್ಟು ಹಿಡಿದದ್ದು, ಬಫರ್ ಜೊತೆ ಡಿಎಂ ನೀರಿಗೆ ಸಮ. ಬಫರ್ ಇಲ್ಲದೆ ತೀರಾ ಕೆಂಪು. ಬಾಟಲಿ ಕುಡಿಯುವ ನೀರು ಒಂದೊಂದು ಬ್ರ್ಯಾಂಡಿಗೆ ಒಂದೊಂದು ಬಣ್ಣ, ಬಿಟ್ಟೆ. ಸ್ಟೇನ್ ಉಳಿಸಲು ಕಾಪ್ಲಿನ್ ಜಾರಿನಲ್ಲಿ ಅದ್ದುವುದನ್ನೂ ನೋಡಿದೆ: ಮೊದಲ ಹದಿನೈದು ಇಪ್ಪತ್ತು ಸ್ಲೈಡ್ ಚೆನ್ನ, ಆಮೇಲೆ ಮೆಥನಾಲ್ ಆರಿ, ನೀರು ಸೇರಿ, ಕಸ ಶುರು. ಒಂದೇ ಟ್ಯೂಬಿನಿಂದ ಹೊತ್ತು ಬಿಟ್ಟು ಬಿಟ್ಟು ಸ್ಲೈಡ್ ಮಾಡಿದಾಗ ಎರಡು ಗಂಟೆಯೊಳಗಿನದೇ ಚೆಂದ. ರಾತ್ರಿ ಕಳೆದದ್ದರಲ್ಲಿ ಕೆಂಪುಕಣ ಮುಳ್ಳುಮುಳ್ಳು, ಮಾನೋಸೈಟ್ ಎಂಬ ಬಿಳಿಕಣದಲ್ಲಿ ತೂತು, ಪ್ಲೇಟ್‌ಲೆಟ್ ಊದಿಕೊಂಡಿರುತ್ತವೆ. ಸಂಜೆ ಕಲೆಕ್ಷನ್ ಸೆಂಟರಿನಿಂದ ಬರುವ ಟ್ಯೂಬುಗಳ ಜೊತೆ ಒಣಗಿದ ಸ್ಮಿಯರ್ ಕೂಡ ಕಳಿಸಿ ಎಂದು ಅಲ್ಲಿನ ಹುಡುಗರಿಗೆ ಕಲಿಸಿದ ಮೇಲೆ ಈ ಗೋಳು ತಪ್ಪಿತು.

ಖರ್ಚು: ಸ್ಟೇನ್ ಒಂದು ಎಂಎಲ್‌ಗೆ ಎಂಬತ್ತು ತೊಂಬತ್ತು ಪೈಸೆ, ಸ್ಲೈಡ್ ಎರಡು ರೂಪಾಯಿ, ನೀರು, ಬಫರ್ ಸೇರಿ ಸ್ಲೈಡಿಗೆ ನಾಲ್ಕು ರೂಪಾಯಿ ದಾಟುವುದಿಲ್ಲ. ಸಮಯ ಅಭ್ಯಾಸವಾದ ಕೈಗೆ ಐದಾರು ನಿಮಿಷ, ಸ್ಟೇನ್ ಕಾಯುವುದು ಬಿಟ್ಟು. ಎಲ್ಲ ಸ್ಯಾಂಪಲ್ಲಿಗೂ ಎಣಿಸುವುದು ಬೇಡ. ಒಂದು ಲಕ್ಷಕ್ಕಿಂತ ಕಡಿಮೆ ಇದ್ದದ್ದು, ಫ್ಲ್ಯಾಗ್ ಬಂದದ್ದು, ಎಂಸಿವಿ 65ರ ಕೆಳಗಿದ್ದದ್ದು, ನಿನ್ನೆಯ ಅಂಕಿಗೂ ಇಂದಿನದಕ್ಕೂ ಅರ್ಧಕ್ಕರ್ಧ ವ್ಯತ್ಯಾಸ ಇದ್ದದ್ದು, ಇಷ್ಟೇ. ರಿಪೋರ್ಟಿನಲ್ಲಿ ಮೆಷಿನ್ ಅಂಕಿಯ ಪಕ್ಕದಲ್ಲೇ ಸ್ಲೈಡಿನ ಅಂಕಿ, ಯಾವ ವಿಧಾನ, ಗುಂಪು ಇತ್ತೇ ಇಲ್ಲವೇ ಎಂದು ಬರೆದು ಪೆಥಾಲಜಿಸ್ಟ್ ಮೇಡಂ ಸಹಿ ಹಾಕಿಸಿ ಕಳಿಸುತ್ತೇವೆ. ಅನುಮಾನವಿದ್ದ ಸ್ಲೈಡನ್ನು ಎಣ್ಣೆ ಒರೆಸಿ, ಹೆಸರು ತಾರೀಖು ಬರೆದು, ರೋಗಿ ಗುಣವಾಗುವವರೆಗೆ ಎತ್ತಿಡುತ್ತೇವೆ; ಮರುದಿನದ ಸ್ಲೈಡ್ ಬಂದಾಗ ಎರಡನ್ನೂ ಒಂದೇ ಮೈಕ್ರೋಸ್ಕೋಪಿನಲ್ಲಿ ಒಟ್ಟಿಗೆ ನೋಡಬಹುದು.